ಪಿಂಚಣಿಗಾಗಿ ಬಿಟ್ಟ ಗಂಡನಿಗೆ

ಗಡಿಬೀದಿ, ಆಂಧ್ರದ ಸಾಲು
ಅಮರಾಪುರ ಮಂಡಲ
ಬುಧವಾರ, 12 ನವೆಂಬರ್ 2025

ಬೀದಿಯಾಚೆ ಕರ್ನಾಟಕದಲ್ಲಿ ಸುಖವಾಗಿರುವ ನನ್ನ ಯಜಮಾನರಿಗೆ, ಹತ್ತು ಹೆಜ್ಜೆ ದೂರದಿಂದ ನಾಗವೇಣಿಯ ನಮಸ್ಕಾರಗಳು.

ಫೋನು ಮಾಡಿದರೆ ನಿಮ್ಮ ಅತ್ತಿಗೆ ಬೊಮ್ಮಕ್ಕ ಎತ್ತಿ ರಾಂಗ್ ನಂಬರ್ ಅನ್ನುತ್ತಾರೆ. ಬಾಗಿಲಲ್ಲಿ ನಿಂತು ಕೂಗೋಣವೆಂದರೆ, ಗಂಡ ಬಿಟ್ಟವಳು ಗಂಡನನ್ನೇ ಕೂಗುತ್ತಿದ್ದಾಳೆಂದು ಎರಡು ರಾಜ್ಯಕ್ಕೂ ಗೊತ್ತಾಗುತ್ತದೆ. ಅದಕ್ಕೇ ಈ ಕಾಗದವನ್ನು ಹೂವಿನ ಮಂಜಮ್ಮನ ಬುಟ್ಟಿಯಲ್ಲಿಟ್ಟು ಕಳಿಸುತ್ತಿದ್ದೇನೆ. ಓದಿ ಒಲೆಗೆ ಹಾಕಿ.

ಶುಕ್ರವಾರ ನಿಮಗೆ ಹೆಣ್ಣು ಕೊಡುವವರು ಬರುತ್ತಾರಂತೆ, ನಿಜವೇ? ನಲ್ಲಿಯ ಹತ್ತಿರ ಬೊಮ್ಮಕ್ಕ ಎಲ್ಲರ ಮುಂದೆ ಹೇಳಿದರು: “ಹೆಂಡ್ತಿ ಇರೋದು ಆಂಧ್ರದಾಗೆ ಕಣ್ರೇ. ಕರ್ನಾಟಕದಾಗೆ ನಮ್ಮ ರಾಮಾಂಜಿ ಇನ್ನೂ ಬ್ರಹ್ಮಚಾರಿ!” ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಅಲ್ಲೇ ಅಳಬೇಕಾಗಿತ್ತು, ಅದನ್ನು ಮನೆಗೆ ಬಂದು ಮಾಡಿದೆ.

ಈ ಉಪಾಯ ಯಾರದೆಂದು ನೆನಪಿದೆಯೇ? “ಗಂಡ ಬಿಟ್ಟ ಹೆಂಗಸರಿಗೆ ಈ ಕಡೆ ಪಿಂಚಣಿ ಕೊಡುತ್ತಾರೆ, ನಾನು ಬೀದಿ ದಾಟಿ ಅಣ್ಣನ ಮನೆಯಲ್ಲಿದ್ದರೆ ಬೇರೆ ರಾಜ್ಯದವನಾಗುತ್ತೇನೆ, ಯಾರು ಹುಡುಕಿಕೊಂಡು ಬರುತ್ತಾರೆ” ಎಂದವರು ನೀವು. ಹೂಂ ಎಂದವಳು ನಾನು. ಮಂಜೂರಾದ ಕೂಡಲೇ ವಾಪಸ್ ಎಂದಿರಿ. ಊರು ನಂಬಲೆಂದು ಬೀದಿಯ ನಡುವೆ ನಿಂತು ಜಗಳವಾಡಿದೆವು. ನೀವು ಮುದ್ದೆ ಕೋಲು ಎಸೆದಿರಿ, ನಾನು ನೀರಿನ ಕೊಡ ಒಡೆದೆ. ಪಂಚಾಯಿತಿಯ ನರಸಿಂಹಪ್ಪನವರಂತೂ ಕಣ್ಣೊರೆಸಿಕೊಂಡು ನನ್ನ ಅರ್ಜಿಗೆ ಸಹಿ ಹಾಕಿದರು.

ಕೊಡ ಒಡೆದಲ್ಲಿಗೇ ಜಗಳ ನಿಲ್ಲಿಸಬೇಕಿತ್ತು. ಜನ ಸೇರಿದ್ದರು, ನನಗೂ ಹುಮ್ಮಸ್ಸು ಏರಿತ್ತು, ಮಕ್ಕಳು ಕೊಡಲಾಗದ ನೀನೆಂಥ ಗಂಡಸು ಎಂದುಬಿಟ್ಟೆ. ನಾವಿಬ್ಬರೂ ಕೂತು ಗೊತ್ತು ಮಾಡಿಕೊಂಡ ಬೈಗುಳದಲ್ಲಿ ಅದಿರಲಿಲ್ಲ. ಹದಿನಾರು ವರ್ಷ ಒಬ್ಬರ ಮೇಲೊಬ್ಬರು ಬೆರಳು ತೋರಿಸದೆ ಬಾಳಿದವರು ನಾವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿಮ್ಮ ಮುಖ ಕಪ್ಪಿಟ್ಟಿತು. ಆಮೇಲೆ ನಡೆದದ್ದು ನಾಟಕವಲ್ಲವೆಂದು ನನಗೊಬ್ಬಳಿಗೇ ತಿಳಿಯಿತು.

ಆದರೂ ಬಿಟ್ಟುಹೋದ ಮೇಲೆ ತಿಂಗಳು ಕಳೆದು ಒಂದು ಸಲ ಬಂದಿರಿ. ಬೀದಿಯವರೆಲ್ಲ ಕಡಲೆಕಾಯಿ ಹೊಲದಲ್ಲಿ ಕಳೆ ಕೀಳಲು ಹೋಗಿದ್ದ ಮಧ್ಯಾಹ್ನ, ಹಿತ್ತಲ ಬಾಗಿಲಿನಿಂದ. ಅತ್ತಿಗೆಯ ಮುದ್ದೆಯಲ್ಲಿ ಬರೀ ಗಂಟು ಎಂದಿರಿ. ಉಣ್ಣಲು ಇಕ್ಕಿದೆ. ಉಂಡ ಮೇಲೂ ಹೊತ್ತು ಇಳಿಯುವವರೆಗೆ ಉಳಿದಿರಿ. ನಾನಾಡಿದ ಮಾತಿಗೆ ಅವತ್ತೇ ಕಾಲು ಹಿಡಿಯಬೇಕಿತ್ತು, ಬಿಗುಮಾನ ಬಿಡಲಿಲ್ಲ.

ಈ ತಿಂಗಳು ಮೊದಲ ಪಿಂಚಣಿ ಬಂತು. ಕೈಯಲ್ಲಿ ಹಿಡಿದರೆ ಮೈಯೆಲ್ಲ ಉರಿಯುತ್ತದೆ. ಬೇಡ ನನಗೆ. ನಿಮ್ಮ ದಮ್ಮಯ್ಯ, ಶುಕ್ರವಾರಕ್ಕೆ ಮೊದಲು ಬಂದುಬಿಡಿ. ಅದೇ ಬೀದಿಯಲ್ಲಿ ನಿಲ್ಲಿಸಿ ಎಷ್ಟು ಬೇಕಾದರೂ ಬೈಯಿರಿ, ತಲೆ ತಗ್ಗಿಸಿ ಕೇಳುತ್ತೇನೆ.

ಇಂತಿ,
ಸರ್ಕಾರಕ್ಕೆ ಒಂಟಿ ಹೆಂಗಸು, ನಿಮಗೆ ಹೆಂಡತಿ,
ನಾಗವೇಣಿ

ವಿ.ಸೂ.: ಬರೆಯಬಾರದೆಂದಿದ್ದೆ, ಕೈ ತಡೆಯುತ್ತಿಲ್ಲ. ನರ್ಸಮ್ಮ ಸುನೀತಾ ನಿನ್ನೆ ನನ್ನನ್ನು ಪರೀಕ್ಷೆ ಮಾಡಿ, ಮೂರು ತಿಂಗಳು ಎಂದರು. ಬಿಟ್ಟುಹೋಗಿ ನಾಲ್ಕು ತಿಂಗಳಾಯಿತಲ್ಲ ಎಂದು ಬೆರಳೂ ಮಡಚಿದರು. ತಾಯಿ ಕಾರ್ಡಿನಲ್ಲಿ ಮಗುವಿನ ತಂದೆಯ ಹೆಸರು ಕೇಳಿದರು, ನಿಮ್ಮದೇ ಬರೆಸಿದೆ. ಹೌದೋ ಅಲ್ಲವೋ ಎಂದು ನಿಮ್ಮನ್ನು ಕೇಳಲು ಅವರು ಆಚೆ ಬರುವಂತಿಲ್ಲವಂತೆ, ಬೇರೆ ರಾಜ್ಯ. ಹೇಳಲು ನೀವೇ ಈಚೆ ಬರಬೇಕು.