ಆಗಸ್ಟ್ ತಿಂಗಳ ಸವತಿಯರು

ತಾಜಾ ಪಟ್ಟಣ,
1988 ಮಾರ್ಚ್ 3

ನನ್ನ ಮೆನ್ನಾನಳಿಗೆ, ನಿನ್ನ ಬತೂಲಕ್ಕನ ಸಲಾಮುಗಳು.

ಮೊದಲು ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು. ಬರೆದೆ ಅಂದುಕೋ. ಮಂಡಿ ಹಿಡಿದುಕೊಂಡಿದೆ, ಬಲಗಣ್ಣಿಗೆ ಪೊರೆ ಬಂದಿದೆ, ಉಳಿದದ್ದು ನೀನು ನೋಡಿದ ಹಾಗೇ ಇದೆ. ಓದಿ ಹೇಳುತ್ತಿರುವವಳು ರಹ್ಮಾ ಅಂತ ನನಗೆ ಗೊತ್ತು. ಮಗಳೇ, ಇದರಲ್ಲಿ ನಿನ್ನ ಅಪ್ಪನ ವಿಷಯ ಬರುತ್ತದೆ. ನಿನಗೆ ನೋವಾದ ಕಡೆ ಎರಡು ಸಾಲು ನುಂಗಿಬಿಡಬೇಡ. ನಿಮ್ಮಮ್ಮನಿಗೆ ಪೂರ್ತಿ ಓದು.

ಯಜಮಾನರು ಹೋಗಿ ನಾಲ್ಕು ತಿಂಗಳಾಗುತ್ತಾ ಬಂತು. ಇನ್ನು ಸ್ವಲ್ಪ ದಿನಕ್ಕೆ ಶೋಕದ ಅವಧಿ ಮುಗಿದು ಈ ಬಿಳಿ ಬಟ್ಟೆ ತೆಗೆಯಬಹುದು. ಒಗೆದು ಒಗೆದು ಸಾಕಾಗಿದೆ ಕಣೆ. ಬಂದವರೆಲ್ಲ ನನ್ನ ಕೈ ಹಿಡಿದುಕೊಂಡು, "ಅವರ ಜೊತೆ ಕಳೆದ ಒಳ್ಳೇ ದಿನಗಳನ್ನ ನೆನೆಸ್ಕೊಂಡು ಸಮಾಧಾನ ಮಾಡ್ಕೊಳಮ್ಮ" ಅನ್ನುತ್ತಾರೆ. ಹೂಂ ಅನ್ನುತ್ತೇನೆ. ನೆನೆಸಿಕೊಳ್ಳಲು ಕೂತರೆ ಒಳ್ಳೇ ದಿನಗಳೇನೋ ಒಂದರ ಹಿಂದೆ ಒಂದು ಬರುತ್ತವೆ. ಒಂದರಲ್ಲೂ ಅವರಿಲ್ಲ. ನೀನಿದ್ದೀಯ. ಇದನ್ನು ಹೋಗಿ ಯಾರಿಗೆ ಹೇಳಲಿ?

ಮೊದಮೊದಲು ನಿನ್ನ ಮುಖ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಕ್ಕಳಾಗಲಿಲ್ಲ ಅಂತ ನನ್ನ ಮೇಲೆ ನಿನ್ನನ್ನು ತಂದರು. ನಿನ್ನ ಹೊಟ್ಟೆಯಲ್ಲಿ ರಹ್ಮಾ ನಿಂತ ಸುದ್ದಿ ಕೇಳಿ ಖುಷಿಪಟ್ಟರು, ಆಮೇಲೆ ಪೆಟ್ಟಿಗೆ ಕಟ್ಟಿಕೊಂಡು ಫ್ರಾನ್ಸಿನ ಕಲ್ಲಿದ್ದಲ ಗಣಿಗೆ ಹೊರಟುಬಿಟ್ಟರು. ಒಂದೇ ಅಂಗಳ, ಎರಡು ಒಲೆ, ಎರಡು ಹಿಟ್ಟು. ಬೀದಿಯವರ ರೊಟ್ಟಿಯೆಲ್ಲ ಸುಟ್ಟುಕೊಡುವ ಹಮ್ಮಾದಿಯ ಗೂಡಿಗೆ ನಿನ್ನ ರೊಟ್ಟಿಯ ಹಲಗೆ ಬೇರೆ ಹೋಗಬೇಕು, ನನ್ನ ಹಲಗೆ ಬೇರೆ. ನನ್ನ ರೊಟ್ಟಿಗೆ ಮೂರು ಬೆರಳಿನ ಗುರುತು, ನಿನ್ನದಕ್ಕೆ ಬೀಗದ ಕೈಯ ಗುರುತು. ಆ ಚಳಿಗಾಲವೆಲ್ಲ ನಿನ್ನ ಹತ್ತಿರ ಒಂದು ಮಾತೂ ಆಡಲಿಲ್ಲ ನಾನು.

ಆ ದಿನ ನೆನಪಿದೆಯಲ್ಲ? ರೊಟ್ಟಿ ಮುರಿದು ಬಾಯಿಗಿಟ್ಟೆ, ರುಚಿಯಾಗಿತ್ತು. ನನ್ನದಲ್ಲ ಇದು ಅಂತ ಗೂಡಿಗೆ ಓಡಿದೆ. "ಯಾರ ಮನೇದೋ ನನ್ನ ತಲೆಗೆ ಕಟ್ಟಿದ್ದೀಯಲ್ಲೋ ಹಮ್ಮಾದಿ, ಕಣ್ಣು ಕುರುಡಾ ನಿಂಗೆ?" ಅಂತ ಬೀದಿ ಕೇಳುವ ಹಾಗೆ ಕೂಗಾಡಿದೆ. ಪಾಪ, ಅವನು ರೊಟ್ಟಿ ತಿರುಗಿಸಿ ನನ್ನ ಮೂರು ಬೆರಳನ್ನೇ ತೋರಿಸಿದ. ಮನೆಗೆ ಬಂದರೆ ನೀನು ಬಾಗಿಲಲ್ಲಿ ನಿಂತಿದ್ದೆ, ತುಂಬಿದ ಬಸುರಿ. "ಅಕ್ಕಾ, ಬಯ್ಯಬೇಡ. ನೀನು ನೀರಿಗೆ ಎದ್ದಾಗ ನಿನ್ನ ಹಿಟ್ಟಿಗೆ ಉಪ್ಪು ಹಾಕಿದ್ದು ನಾನೇ. ನಾನು ಬಂದಾಗಿಂದ ನೀನು ಉಪ್ಪೇ ಹಾಕ್ತಿಲ್ಲ. ನೀನು ಸಪ್ಪೆ ನುಂಗೋದು ನೋಡಕ್ಕಾಗ್ಲಿಲ್ಲ" ಅಂದೆ.

ಅಯ್ಯೋ ದೇವರೇ! ಉಪ್ಪು ಹಾಕುವುದನ್ನು ಮರೆತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ಬಯ್ಯಬೇಕು ಅಂತ ಬಾಯಿ ತೆಗೆದರೆ ನಗು ಬಂತು. ನೀನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾರನೆಯ ದಿನದಿಂದ ಒಂದೇ ಹಿಟ್ಟು ನಾದಿದೆವು.

ಅಲ್ಲಿಂದ ಒಂಬತ್ತು ವರ್ಷ. ಬೇರೆಯವರನ್ನು ಕೇಳಿದರೆ ಏನಿತ್ತು ಅದರಲ್ಲಿ ಅಂದಾರು. ಉಣ್ಣೆ ತೊಳೆದೆವು, ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಿದೆವು, ರಹ್ಮಾಳನ್ನು ಯಾರ ಬೆನ್ನು ಖಾಲಿಯಿದೆಯೋ ಅವರು ಕಟ್ಟಿಕೊಂಡೆವು. ಅವಳು ಇಬ್ಬರಿಗೂ ಅಮ್ಮ ಅನ್ನುತ್ತಿದ್ದಳು. ಕರೆದರೆ ಇಬ್ಬರೂ ಓ ಅನ್ನುತ್ತಿದ್ದೆವು. ಅಷ್ಟೇ. ಅದಕ್ಕಿಂತ ಹೆಚ್ಚಿನ ಸುಖ ನಾನು ಕಾಣಲಿಲ್ಲ ಮೆನ್ನಾನ, ಕಾಣುವ ಆಸೆಯೂ ಆಗಲಿಲ್ಲ.

ಮತ್ತೆ ಆ ಕ್ಯಾಸೆಟ್ಟುಗಳು! ಅವರು ಅಲ್ಲಿಂದ ಮಾತಾಡಿ ಕಳಿಸುತ್ತಿದ್ದರು: ಬಾಗಿಲಲ್ಲಿ ನಿಲ್ಲಬೇಡಿ, ಮಾಳಿಗೆ ಮೇಲೆ ತಲೆ ಬಿಚ್ಚಬೇಡಿ, ಇಬ್ಬರೂ ಕಚ್ಚಾಡಬೇಡಿ. ಮೈದುನ ಲಹ್ಸನ್ ಕೂತು ಕೇಳಿಸಿ ಹೋಗುವ ತನಕ ಮುಖ ಗಂಟು ಹಾಕಿಕೊಂಡಿರುತ್ತಿದ್ದೆವು. ನಾವು ಉತ್ತರ ತುಂಬಿಸುವಾಗ ಅಳು ಬರಲೆಂದು ನೀನು ನನ್ನ ತೊಡೆ ಚಿವುಟುತ್ತಿದ್ದೆ. "ನೀವಿಲ್ಲದ ಮನೆ ಮಸಣ ಆಗಿದೆ" ಅಂತ ನಾನು ಬಿಕ್ಕುವಾಗ ಪಕ್ಕದ ಮನೆಯ ಮದುವೆಯ ದಮ್ಮಡಿ ಕೇಳಿಸಿ, ಗಾಳಿಗೆ ತಗಡು ಬಡಿಯುತ್ತಿದೆ ಅಂತ ನೀನು ಸೇರಿಸಿದೆಯಲ್ಲ, ನಿನ್ನ ತಲೆಗೆ ಏನು ಕೊಡಬೇಕು!

ಆಗಸ್ಟಿನಲ್ಲಿ ಮಾತ್ರ ನಾವು ಸವತಿಯರು. ರಜೆಗೆ ಅವರ ಕಾರು ಬರುವ ಹೊತ್ತಿಗೆ ಒಲೆ ಎರಡಾಗುತ್ತಿತ್ತು. ಕಾಡಿಗೆ ಹಚ್ಚಿಕೊಂಡು ಒಬ್ಬರಿಗೊಬ್ಬರು ಮೂತಿ ತಿರುವಿಕೊಂಡು ಓಡಾಡುತ್ತಿದ್ದೆವು. ಇಬ್ಬರು ತನಗಾಗಿ ಜಗಳವಾಡಿದರೆ ಅವರಿಗೆ ಸಮಾಧಾನ. ನಿನ್ನ ಸರದಿಯ ದಿನ ನೀನು ಬಾವಿಯ ಹತ್ತಿರ ಮೆಲ್ಲಗೆ, "ಅಕ್ಕಾ, ನನಗೆ ಸೊಂಟ ನೋವು, ಇವತ್ತಿಂದೂ ನೀನೇ ತಗೋ" ಅನ್ನುತ್ತಿದ್ದೆ. ನಾನು, "ಹೋಗೇ, ನನಗೇನು ಸೊಂಟ ಕಬ್ಬಿಣದ್ದಾ?" ಅನ್ನುತ್ತಿದ್ದೆ. ತಿಂಗಳು ಮುಗಿದು ಕಾರು ತಿರುವು ದಾಟುತ್ತಿದ್ದ ಹಾಗೇ ನೀನು ಚಪ್ಪಲಿ ಒದ್ದು ಬಿಸಾಕಿ ಕೇಳುತ್ತಿದ್ದೆ: "ಅಕ್ಕಾ, ಚಹಾ ಇಡ್ಲಾ?" ನನಗೆ ಹಬ್ಬ ಅಂದರೆ ಆ ಮಾತು.

ಆಮೇಲೆ ಎದೆ ತುಂಬ ಕಲ್ಲಿದ್ದಲ ಧೂಳು ತುಂಬಿಕೊಂಡು ಅವರು ಪೂರ್ತಿ ಬಂದುಬಿಟ್ಟರು. ಆಗಸ್ಟ್ ಮುಗಿಯಲೇ ಇಲ್ಲ. ಅಡುಗೆಮನೆಯಲ್ಲಿ ನಾವು ಕಿಸಕ್ಕೆಂದರೆ ಸಾಕು, ಒಳಗಿಂದ, "ಯಾಕ್ರೇ ನಗ್ತೀರಿ? ನನ್ನ ಕೆಮ್ಮಿಗಾ?" ಅನ್ನುತ್ತಿದ್ದರು. ಅವರು ಹೊಸ್ತಿಲಿಗೆ ಬಂದರೆ ನಮ್ಮ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಒಂದು ದಿನ ಏನೂ ಜಗಳವಿಲ್ಲದೆ ಇಬ್ಬರು ಸಾಕ್ಷಿಗಳನ್ನು ಕರೆಸಿ ನಿನಗೆ ತಲಾಖ್ ಕೊಟ್ಟರು. ನೀನು ರಹ್ಮಾಳ ಕೈ ಹಿಡಿದು ಮೆಕ್ನೆಸ್ ಬಸ್ಸು ಹತ್ತಿದೆ. ಗಂಡ ಹೋದಾಗ ಬಾರದ ಅಳು ಅವತ್ತು ಬಂದಿತ್ತು.

ಯಾಕೆ ಹಾಗೆ ಮಾಡಿದರು ಅಂತ ನೀನು ರಹ್ಮಾಳ ಮದುವೆಯಲ್ಲಿ ಕೇಳಿದ್ದೆ. ಆಗ ನನಗೂ ಗೊತ್ತಿರಲಿಲ್ಲ. ಹೋದ ರಮಜಾನಿನಲ್ಲಿ ಅವರೇ ಹೇಳಿದರು. ಪೆಟ್ಟಿಗೆಯಿಂದ ಹಳೇ ಕ್ಯಾಸೆಟ್ ತೆಗೆಸಿ ಹಾಕಿಸಿದರು. ಮಸಣ, ತಗಡು, ಎಲ್ಲ ಬಂತು. ಆಮೇಲೆ ಮೆನ್ನಾನ, ನಾವು ನಿಲ್ಲಿಸುವ ಗುಂಡಿ ಸರಿಯಾಗಿ ಒತ್ತಿರಲಿಲ್ಲ. ಕ್ಯಾಸೆಟ್ ಓಡುತ್ತಲೇ ಇತ್ತು. ನಾವು ಬಿದ್ದು ಬಿದ್ದು ನಗುವುದು, "ಚಹಾ ಇಡ್ಲಾ?" ಅನ್ನುವುದು, ಪೂರ್ತಿ ಇದೆ.

ಅವರು ಬಯ್ಯಲಿಲ್ಲ. ಉಸಿರು ಎಳೆದುಕೊಂಡು ಎಳೆದುಕೊಂಡು ಹೇಳಿದರು: "ಅಲ್ಲಿ ಎಂಟು ಜನ ಗಂಡಸರ ಕೋಣೇಲಿ ಇದನ್ನ ಕಿವಿಗಿಟ್ಕೊಂಡು ಮಲಗ್ತಿದ್ದೆ. ನಂಗೂ ಒಂದು ಮನೆ ಇದೆ, ಅಲ್ಲಿ ಹಿಂಗೆ ನಗ್ತಾರೆ ಅಂತ. ಮನೆಗೆ ಬಂದ್ರೆ ನನ್ನ ಕಂಡ ಕೂಡ್ಲೇ ನಗು ನಿಂತೋಗೋದು. ನನ್ನ ಮನೇಲಿ ನಾನೇ ನೆಂಟ ಆದೆ. ಅದಕ್ಕೇ ಮುರಿದುಬಿಟ್ಟೆ." ಆಮೇಲೆ ಗೋಡೆ ಕಡೆ ತಿರುಗಿ ಮಲಗಿದರು. ಅವರನ್ನು ದ್ವೇಷಿಸುವ ಶಕ್ತಿಯನ್ನೂ ನನ್ನ ಕೈಯಿಂದ ಕಿತ್ತುಕೊಂಡು ಹೋದರು ನೋಡು. ರಹ್ಮಾ, ನಿನ್ನ ಅಪ್ಪ ಕೆಟ್ಟವರಲ್ಲ. ಸುಖ ಯಾವ ಬಾಗಿಲಿಂದ ಒಳಗೆ ಬರುತ್ತದೆ ಅಂತ ಅವರಿಗೆ ಗೊತ್ತಾಗಲಿಲ್ಲ, ಅಷ್ಟೇ.

ಈಗ ವಿಷಯಕ್ಕೆ ಬರುತ್ತೇನೆ. ಬಿಳಿ ತೆಗೆದ ಮಾರನೆಯ ದಿನ ಲಹ್ಸನ್ ಈ ಮನೆಗೆ ಬೀಗ ಹಾಕಿ ಬಾಡಿಗೆಗೆ ಕೊಡುತ್ತಾನಂತೆ. ಹೆಂಗಸು ಒಬ್ಬಳೇ ಇರಬಾರದಂತೆ. ನಾನು ಅವನ ಮನೆಯ ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಬೇಕಂತೆ. ಒಬ್ಬಳೇ ಯಾಕಿರಲಿ, ಮೆನ್ನಾನ ಬರುತ್ತಾಳೆ ಅಂದುಬಿಟ್ಟೆ. ನಿನ್ನನ್ನು ಕೇಳದೆ ಅಂದುಬಿಟ್ಟೆ ಕಣೆ. "ಬಿಟ್ಟ ಹೆಂಡ್ತಿನ ಕರ್ಕೊಂಡು ಬರ್ತೀಯಾ? ಜನ ನಗ್ತಾರೆ" ಅಂದ. "ನಗಲಿ ಬಿಡಪ್ಪ, ಈ ಅಂಗಳದಲ್ಲಿ ನಗು ಕೇಳಿ ಬಹಳ ವರ್ಷ ಆಯ್ತು" ಅಂದೆ. "ಅವಳು ನಿಂಗೇನಾಗಬೇಕು?" ಅಂದ. ಯಜಮಾನರಿದ್ದಾಗ ಜನ ಸವತಿ ಅನ್ನುತ್ತಿದ್ದರು. ಈಗ ಅವರಿಲ್ಲ. ನೀನೇನಾಗಬೇಕು ನನಗೆ?

ನಿನಗೆ ಅಲ್ಲಿ ಮಗಳಿದ್ದಾಳೆ, ಮೊಮ್ಮಕ್ಕಳಿದ್ದಾರೆ. ಬಾ ಅನ್ನುವ ಹಕ್ಕು ನನಗಿಲ್ಲ. ಆದರೂ ಬಾ ಅನ್ನುತ್ತಿದ್ದೇನೆ. ಸುತ್ತಿ ಬಳಸಿ ಬರೆಯುವ ತ್ರಾಣ ಇಲ್ಲ. ಸಾಕಾಗಿದೆ ಮೆನ್ನಾನ, ಬಾ.

ನಿನ್ನ ಅಕ್ಕ,
ಬತೂಲ್

ಮತ್ತೆ: ಈ ಕಾಗದ ತರುವ ಬಸ್ಸಿನ ಡ್ರೈವರನ ಕೈಯಲ್ಲಿ ಒಂದು ರೊಟ್ಟಿ ಕಳಿಸಿದ್ದೇನೆ. ಇವತ್ತಿನದೇ, ಮೂರು ಬೆರಳಿನ ಗುರುತು ಇದೆ. ಅವರಿಗೆ ಡಾಕ್ಟರು ಉಪ್ಪು ಬೇಡ ಅಂದ ಮೇಲೆ ಈ ಮನೆಯಲ್ಲಿ ಸಪ್ಪೆ ರೊಟ್ಟಿಯೇ. ಈಗ ಹಾಕಬಹುದು, ಡಬ್ಬಿ ಕೈಗೆ ಎಟುಕುವ ಹಾಗೇ ಇದೆ, ಆದರೆ ಕೈ ಹೋಗುವುದಿಲ್ಲ. ಒಂದು ತುಂಡು ಬಾಯಿಗಿಟ್ಟು ನೋಡು. ನೋಡಿಯೂ ಅಲ್ಲೇ ಇರಲು ನಿನ್ನಿಂದಾದರೆ, ಇರು.