ವೈಪರ್ ಶಾಟ್

ಜೂನ್ 2, ಭಾನುವಾರ

ಇವತ್ತಿನ ಶಾಟ್: ಬಚ್ಚಲುಮನೆ ನಲ್ಲಿಯಿಂದ ಬೀಳೋ ಹನಿ. ಕ್ಲೋಸಪ್. ನಿನ್ನೆಯದು ಅಡುಗೆಮನೆ ನಲ್ಲಿ. ಮೊನ್ನೆಯದು ಕಿಟಕಿ ಗಾಜಿನ ಮೇಲೊಂದು ನೊಣ. ದಿನಕ್ಕೊಂದು ಶಾಟ್ ತೆಗೆದರೆ ಕಣ್ಣು ಚುರುಕಾಗುತ್ತೆ ಅಂತ ಎಲ್ಲೋ ಓದಿ ಶುರು ಮಾಡಿದ್ದು. ಕಣ್ಣು ಹಾಗೇ ಇದೆ. ಮನೆಯಲ್ಲಿರೋ ನಲ್ಲಿಗಳು ಮುಗೀತಾ ಬಂದವು.

"ಪ್ಲಂಬರಿಗೆ ಕಳಿಸೋಕಾ ಇದು?" ಅಂದಳು ಇವಳು, ಬಾಯಲ್ಲಿ ಬ್ರಶ್ ಇಟ್ಟುಕೊಂಡೇ. ನಾನು ನಗಲಿಲ್ಲ. ವರ್ಷಗಟ್ಟಲೆ ಸಿನಿಮಾದ ಹಿಂದೆ ಬಿದ್ದಿರೋ ಗಂಡನಿಗೆ ಹೆಂಡತಿ ಆಡೋ ಮಾತಾ ಇದು?

ಆಮೇಲೆ ಕ್ಲಬ್. ಕ್ಲಬ್ ಅಂದರೆ ಡೆಂಟಿಸ್ಟ್ ಕ್ಲಿನಿಕ್ಕಿನ ವೇಟಿಂಗ್ ರೂಮು. ಭಾನುವಾರ ಹಲ್ಲುನೋವಿನವರು ಬರಲ್ಲ, ಸಿನಿಮಾ ಹುಚ್ಚಿನವರು ಬರ್ತೀವಿ. ನನ್ನ ಕನ್ನಡಿ ಕಥೆ ಓದಿದೆ — ಒಬ್ಬ ಕನ್ನಡಿ ನೋಡ್ತಾನೆ, ಒಳಗೆ ಅವನಿಲ್ಲ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಡೆಂಟಿಸ್ಟ್ ಕೇಳಿದರು: "ಆಮೇಲೆ?"

ಆಮೇಲೆ ಏನು ಅನ್ನೋದು ನನಗೂ ಗೊತ್ತಿಲ್ಲ. ಹೋದ ವರ್ಷವೂ ಗೊತ್ತಿರಲಿಲ್ಲ.

ಆಗಸ್ಟ್‌ನಲ್ಲಿ ಲೈಬ್ರರಿ ಹಾಲ್‌ನಲ್ಲಿ ಕಿರುಚಿತ್ರ ಪ್ರದರ್ಶನ. ನಮ್ಮ ಕ್ಲಬ್ಬಿಂದ ಒಂದೇ ಚಿತ್ರಕ್ಕೆ ಜಾಗ. ಈ ಸಲ ನನ್ನದೇ ಹೋಗಬೇಕು. ಹೋಗೇ ಹೋಗುತ್ತೆ.

ಜೂನ್ 6, ಗುರುವಾರ

ಬರೆಯೋಕೆ ಮನಸ್ಸಿಲ್ಲ. ಆದರೂ...

ಇವಳು ಡ್ರೈವಿಂಗ್ ಸ್ಕೂಲಲ್ಲಿ ಕಲಿಸ್ತಾಳೆ. ಯಾವನೋ ಒಬ್ಬ ಕಾರನ್ನ ಗೋಡೆಗೆ ಉಜ್ಜಿ, ಮೇಡಮ್ಮೇ ಸ್ಟೀರಿಂಗ್ ಎಳೆದರು ಅಂತ ದೂರು ಕೊಟ್ಟನಂತೆ. ಅವತ್ತಿಂದ ಮಾಲೀಕರ ಆರ್ಡರ್ — ಕಲಿಯೋರಿಗೆ ಹೇಳಿ, ಡ್ಯಾಶ್‌ಬೋರ್ಡ್ ಮೇಲೆ ಫೋನಿಟ್ಟು ರೆಕಾರ್ಡ್ ಮಾಡಬೇಕು.

ಸಂಜೆ ಸೋಫಾದಲ್ಲಿ ಒಬ್ಬಳೇ ನಗ್ತಾ ಕೂತಿದ್ದಳು. "ರೀ, ಬನ್ನಿ ಇಲ್ಲಿ. ಇದೊಂದು ನೋಡಿ."

ನೋಡಿದೆ. ಒಬ್ಬ ರಿಟೈರ್ಡ್ ಹೆಡ್‌ಮಿಸ್ಟ್ರೆಸ್. ಸೀಟಿನ ತುದಿಗೆ ಕೂತು, ಸ್ಟೀರಿಂಗನ್ನ ತುಂಟ ಹುಡುಗನ ಕಿವಿ ಹಿಡಿದ ಹಾಗೆ ಹಿಡಿದಿದ್ದಾರೆ. ಇಂಡಿಕೇಟರ್ ಹಾಕೋಕೆ ಹೋಗಿ ವೈಪರ್ ಹಾಕಿಬಿಟ್ಟರು. ಒಣ ಗಾಜಿನ ಮೇಲೆ ಕಿರ್ರ್... ಕಿರ್ರ್... ಅಷ್ಟರಲ್ಲಿ ಕಾರು ಹೊರಟೇಬಿಟ್ಟಿತು. ಅವರಿಗೇ ನಂಬಿಕೆ ಬರ್ತಿಲ್ಲ. "ಹೋಗ್ತಿದೆ ಕಣೇ! ನಾನೇ ಕಣೇ ಓಡಿಸ್ತಿರೋದು!" ನಗು. ನಗ್ತಾ ನಗ್ತಾ ಕಣ್ಣಲ್ಲಿ ನೀರು. ವೈಪರಿನ ನೆರಳು ಅವರ ಮುಖದ ಮೇಲೆ ಆ ಕಡೆ, ಈ ಕಡೆ. ಅದನ್ನ ನಿಲ್ಲಿಸೋದು ಅವರಿಗೆ ಗೊತ್ತಿಲ್ಲ. ಇವಳಿಗೆ ಗೊತ್ತಿತ್ತು, ನಿಲ್ಲಿಸಿಲ್ಲ.

"ಚೆನ್ನಾಗಿದೆ ಅಲ್ವಾ?"

"ಫ್ರೇಮ್ ಸ್ವಲ್ಪ ಓರೆ" ಅಂದೆ.

ನಾನು ತೆಗೆದ ಅಷ್ಟೂ ಶಾಟ್ ತಕ್ಕಡಿಯ ಒಂದು ತಟ್ಟೆಗೆ ಹಾಕಿದರೂ ಇದೇ ಹೆಚ್ಚು ತೂಗುತ್ತೆ. ಇವಳಿಗೆ ಫೋಕಸ್ ಅಂದರೇನು ಅಂತಲೂ ಗೊತ್ತಿಲ್ಲ.

ಜೂನ್ 9, ಭಾನುವಾರ

ನನ್ನನ್ನ ಕ್ಲಬ್ಬಿಗೆ ಬಿಡೋಕೆ ಬಂದವಳು ನೀರು ಕುಡಿಯೋಕೆ ಅಂತ ಒಳಗೆ ಬಂದಳು. ಡೆಂಟಿಸ್ಟ್ ಹತ್ತಿರ ಮಾತಿಗೆ ಮಾತು ಬೆಳೀತು. ಫೋನು ಹೊರಗೆ ಬಂತು. ಐದು ನಿಮಿಷದಲ್ಲಿ ಅದು ಗೋಡೆ ಮೇಲಿನ ದೊಡ್ಡ ಟೀವಿಯಲ್ಲಿ.

ಹೆಡ್‌ಮಿಸ್ಟ್ರೆಸ್ ಒಬ್ಬರೇ ಅಲ್ಲ. ಕ್ಲಚ್ ಬಿಟ್ಟಾಗಲೆಲ್ಲ ಕಣ್ಣು ಮುಚ್ಚೋ ದರ್ಜಿ. ಪ್ರತಿ ತಿರುವಲ್ಲೂ ಕಾರಿಗೆ "ಸಾರಿ ಕಣಪ್ಪ" ಅನ್ನೋ ನರ್ಸ್. ಮೊದಲ ಸಲ ಓಡಿಸೋವಾಗಿನ ಮುಖಗಳು, ಅಷ್ಟೇ. ಅಷ್ಟೇ!

ರೂಮು ಬಿದ್ದು ಬಿದ್ದು ನಕ್ಕಿತು. ಆಮೇಲೆ ಇನ್ನೊಂದು ಸಲ ಹಾಕಿ ಅಂದಿತು.

"ಇವರೆಲ್ಲರ ಒಪ್ಪಿಗೆ ತಗೊಳ್ಳಿ. ಲೈಬ್ರರಿಗೆ ಇದೇ ಹೋಗಲಿ" ಅಂದರು ಡೆಂಟಿಸ್ಟ್. ನನ್ನ ಕಡೆ ತಿರುಗಿ, "ಎಡಿಟರ್ ಹೇಗೂ ಮನೇಲೇ ಇದ್ದಾರಲ್ಲ!"

ಚಪ್ಪಾಳೆ. ನಾನೂ ತಟ್ಟಿದೆ. ಎಲ್ಲರಿಗಿಂತ ಜೋರಾಗಿ.

ಜೂನ್ 13, ಗುರುವಾರ

ನಾನು ಕೆಲಸ ಮಾಡೋ ಕನ್ನಡಕದಂಗಡಿಯಲ್ಲಿ ಇವತ್ತು ಒಬ್ಬರ ಕನ್ನಡಕಕ್ಕೆ ಎಡಗಣ್ಣಿನ ಲೆನ್ಸ್ ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸಿದೆ. ಇಷ್ಟು ವರ್ಷದ ಸರ್ವೀಸಲ್ಲಿ ಇದೇ ಮೊದಲು. ಹಾಕ್ಕೊಂಡ ಮನುಷ್ಯ ಬಾಗಿಲು ದಾಟೋವಾಗ ಸ್ಟ್ಯಾಂಡಿಗೆ ಡಿಕ್ಕಿ ಹೊಡೆದ. "ಏನ್ರೀ, ಲೋಕವೇ ವಾಲ್ಕೊಂಡಿದೆ!"

ಹೌದು ಸ್ವಾಮಿ. ನನಗೂ.

ಜೂನ್ 23, ಭಾನುವಾರ

ಕ್ಲಬ್ಬಿಗೆ ಹೋಗಲಿಲ್ಲ. ಬೆಳಿಗ್ಗೆಯಿಂದ ಎಡಿಟಿಂಗ್. ಇವಳು ಪಾಠಕ್ಕೆ ಹೋಗಿದ್ದಾಳೆ.

ಕೆಲಸ ಚೆನ್ನಾಗಿ ಬರ್ತಿದೆ — ಅದೇ ಕಷ್ಟ. ದರ್ಜಿಯ ಮುಚ್ಚಿದ ಕಣ್ಣಿಂದ ನೇರ ನರ್ಸ್ ಮುಖಕ್ಕೆ ಕಟ್ ಮಾಡಿದರೆ ಎಂಥ ಮಜಾ! ಎಲ್ಲಿ ಕತ್ತರಿಸಬೇಕು ಅಂತ ಫೂಟೇಜೇ ಹೇಳ್ತಿದೆ. ನನ್ನ ಫೂಟೇಜ್ ಯಾವತ್ತೂ ನನ್ನ ಹತ್ತಿರ ಮಾತಾಡಿದ್ದಿಲ್ಲ.

ಕೊನೆಗೆ ವೈಪರ್ ಶಾಟ್. ಹಾಕಿದೆ. ನೋಡಿದೆ. ಇನ್ನೊಂದು ಸಲ ನೋಡಿದೆ.

ತೆಗೆದೆ.

ಒಂದು ಬಟನ್, ಅಷ್ಟೇ. ಅದಿಲ್ಲದೆಯೂ ಚಿತ್ರ ನಿಲ್ಲುತ್ತೆ. ಆದರೆ ಬರೀ ಚೆನ್ನಾಗಿರುತ್ತೆ. ಚೆನ್ನಾಗಿರೋದನ್ನ ನಾನು ಸಹಿಸಬಲ್ಲೆ.

ಜೂನ್ 24, ಸೋಮವಾರ

ಊಟ ಆದಮೇಲೆ ತೋರಿಸಿದೆ. ಮಂಡಿ ಮೇಲೆ ಗಲ್ಲ ಊರಿ ನೋಡಿದಳು. ಮುಗೀತು.

"ವೈಪರ್‌ದು ಎಲ್ಲಿ?"

"ಸೌಂಡ್ ಕೆಟ್ಟಿದೆ. ಆ ಕಿರ್ರ್ ಅನ್ನೋದು ದೊಡ್ಡ ಹಾಲಲ್ಲಿ ಕಿವಿಗೆ ಹೊಡೆಯುತ್ತೆ. ಮಾತೇ ಕೇಳಿಸಲ್ಲ."

ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. "ಹೌದಾ? ನಿಮಗೆ ಗೊತ್ತಿರುತ್ತೆ ಬಿಡಿ."

ಎದ್ದು ಪಾತ್ರೆ ತೊಳೆಯೋಕೆ ಹೋದಳು. ಜಗಳ ಆಡಿದ್ದರೆ ಚೆನ್ನಾಗಿತ್ತು. ನಾಲ್ಕು ವಾದ ರೆಡಿ ಇಟ್ಟುಕೊಂಡಿದ್ದೆ.

ಜುಲೈ 7, ಭಾನುವಾರ

ಕ್ಲಬ್ಬಲ್ಲಿ ತೋರಿಸಿದರು. ವೈಪರ್ ಇಲ್ಲದೆಯೂ ಎದ್ದು ನಿಂತು ಚಪ್ಪಾಳೆ ಹೊಡೆದರು! ಡೆಂಟಿಸ್ಟ್ ಮಾತ್ರ, "ಆ ಟೀಚರಮ್ಮ ಇದ್ದರಲ್ಲ..." ಅಂದರು. "ಟೆಕ್ನಿಕಲ್ ಪ್ರಾಬ್ಲಮ್ ಅಂತೆ" ಅಂದಳು ಇವಳು. ನನ್ನ ಪರವಾಗಿ. ನನ್ನ ಕಡೆ ನೋಡದೆ.

ಜುಲೈ 10, ಬುಧವಾರ

ರಜೆ ಹಾಕಿ ಕ್ಯಾಮೆರಾ ತಗೊಂಡು ಬಸ್‌ಸ್ಟಾಪಿಗೆ ಹೋದೆ. ನಿಜವಾದ ಮುಖ ತಾನೇ ಬೇಕಾಗಿರೋದು? ನನಗೇನು ಕಣ್ಣಿಲ್ವಾ?

ಕ್ಯಾಮೆರಾ ಕಂಡ ತಕ್ಷಣ ಒಬ್ಬರು ತಲೆ ಬಾಚಿಕೊಂಡರು. ಒಬ್ಬಳು ಮುಖ ತಿರುಗಿಸಿದಳು. ಒಬ್ಬಾತ ಎದ್ದು ಬಂದು, "ಯಾಕ್ರೀ, ಯಾವ ಇಲಾಖೆ?" ಅಂದ. ಕೈಮುಗಿದು ಎಲ್ಲ ಅಳಿಸಿ, ವಾಪಸ್ ಬಂದೆ.

ಇವಳನ್ನ ಕಂಡರೆ ಜನ ಕ್ಯಾಮೆರಾ ಮರೀತಾರೆ. ಪಕ್ಕದ ಸೀಟಲ್ಲಿ ಕೂತು, ಬ್ರೇಕಿನ ಮೇಲೊಂದು ಕಾಲಿಟ್ಟುಕೊಂಡು, "ಏನೂ ಆಗಲ್ಲ, ನಾನಿದ್ದೀನಿ" ಅಂತಾಳೆ. ಅದು ಯಾವ ಪುಸ್ತಕದಲ್ಲೂ ಇಲ್ಲ. ಇದ್ದಿದ್ದರೆ ಕಲೀತಿದ್ದೆ.

ಜುಲೈ 20, ಶನಿವಾರ

ಮಧ್ಯಾಹ್ನ ಅಂಗಡಿಗೆ ಒಬ್ಬರು ಬಂದರು. ಕನ್ನಡಕದ ಕಡ್ಡಿ ಲೂಸು. ಸ್ಕ್ರೂ ಬಿಗಿ ಮಾಡ್ತಾ ತಲೆ ಎತ್ತಿದೆ — ಹೆಡ್‌ಮಿಸ್ಟ್ರೆಸ್! ದಿನಗಟ್ಟಲೆ ಕಂಪ್ಯೂಟರಲ್ಲಿ ನೋಡಿದ ಮುಖ.

"ನೀವು ನಮ್ಮ ಮೇಡಮ್ ಅವರ ಯಜಮಾನರಲ್ವಾ? ಅವರೇ ಹೇಳಿದ್ರು, ಇಲ್ಲಿ ಚೆನ್ನಾಗಿ ಮಾಡ್ತಾರೆ ಅಂತ." ಆಮೇಲೆ ಧ್ವನಿ ತಗ್ಗಿಸಿ, "ಸಿನಿಮಾದಲ್ಲಿ ನಾನೂ ಇದ್ದೀನಂತೆ? ಒಪ್ಪಿಗೆ ಅಂತ ಸೈನ್ ಹಾಕಿಸ್ಕೊಂಡ್ರು. ಅಕ್ಕ ತಂಗಿ ಎಲ್ಲರಿಗೂ ಫೋನ್ ಮಾಡಿದ್ದೀನಿ. ಈ ವಯಸ್ಸಲ್ಲಿ ಯಾಕೆ ಬೇಕಿತ್ತು ಡ್ರೈವಿಂಗು ಅಂತ ಆಡ್ಕೊಂಡು ನಕ್ಕಿದ್ರಲ್ಲ, ಬರಲಿ, ಸಾಲಾಗಿ ಕೂತು ನೋಡಲಿ!"

ಸ್ಕ್ರೂ ಕೈಜಾರಿ ಬಿತ್ತು. ಮಂಡಿಯೂರಿ ಹುಡುಕಿದೆ. ಸಿಕ್ಕ ಮೇಲೂ ಸ್ವಲ್ಪ ಹೊತ್ತು ಕೌಂಟರ್ ಕೆಳಗೇ ಇದ್ದೆ.

ಜುಲೈ 21, ಭಾನುವಾರ

ವಾಪಸ್ ಹಾಕಿದೆ. ಪೂರ್ತಿ. ಒಂದು ಫ್ರೇಮ್ ಕೂಡ ಕಡಿಮೆ ಮಾಡದೆ. ಕೊನೆಯಲ್ಲಿ ಇಟ್ಟೆ. ಅದರ ಮುಂದೆ ಬೇರೆ ಯಾವುದೂ ನಿಲ್ಲಲ್ಲ.

ಒಳ್ಳೆಯವನಾಗಿಬಿಟ್ಟೆ ಅಂತಲ್ಲ. ಹಾಕೋವಾಗಲೂ ಉರೀತಿತ್ತು. ಆದರೆ ಸಾಲಾಗಿ ಕೂತ ಅಕ್ಕತಂಗಿಯರು, ನಡುವೆ ಆಕೆ, ತಾನಿಲ್ಲದ ಚಿತ್ರ ಮುಗಿದು ಲೈಟ್ ಹಾಕಿದಾಗ ಆಕೆಯ ಮುಖ... ಆ ಶಾಟ್ ನನ್ನಿಂದ ನೋಡೋಕಾಗಲ್ಲ.

ಇವಳನ್ನ ಕರೆದು ತೋರಿಸಿದೆ.

"ಸೌಂಡ್ ಸರಿ ಹೋಯ್ತಾ?"

"ಹೂಂ."

"ಏನ್ ಮಾಡಿದ್ರಿ?"

"ಏನೂ ಮಾಡಲಿಲ್ಲ."

ಇನ್ನೊಂದು ಸಲ ಪ್ಲೇ ಒತ್ತಿ ಪೂರ್ತಿ ನೋಡಿದಳು. ಆಮೇಲೆ ಅಂದಳು, "ನಂಗೆ ಅವತ್ತೇ ಗೊತ್ತಿತ್ತು ರೀ."

"ಮತ್ತೆ ಕೇಳಬೇಕಿತ್ತು."

"ಕೇಳಿದ್ರೆ ಇನ್ನೊಂದು ಕಾರಣ ಹೇಳ್ತಿದ್ರಿ. ಅದಕ್ಕೂ ಹೂಂ ಅನ್ನಬೇಕಾಗ್ತಿತ್ತು. ಎಷ್ಟು ಸಲ ಅಂತ ಅನ್ಲಿ?"

"ಟೀಚರಮ್ಮನ್ನ ನೀನೇ ಕಳಿಸಿದ್ದಾ?"

"ಅವರ ಕನ್ನಡಕ ನಿಜವಾಗ್ಲೂ ಲೂಸಾಗಿತ್ತು." ನಗಲಿಲ್ಲ. "ನೋವಾಯ್ತು. ಬೇರೆ ಯಾರಾದ್ರೂ ಮಾಡಿದ್ರೆ ಆಗ್ತಿರ್ಲಿಲ್ಲ." ಬಾಗಿಲ ತನಕ ಹೋಗಿ ತಿರುಗಿದಳು. "ಮುಂದಿನದನ್ನ ನಾನೇ ಎಡಿಟ್ ಮಾಡ್ತೀನಿ. ಕಲಿಸಿಕೊಡಿ."

ಮುಂದಿನದು. ಮುಂದಿನದೂ ಇದೆ ಅವಳ ಹತ್ತಿರ!

ಆಗಸ್ಟ್ 4, ಭಾನುವಾರ

ಹಾಲ್ ತುಂಬಿತ್ತು. ಟೀಚರಮ್ಮ ಮೂರನೇ ಸಾಲಲ್ಲಿ, ಎರಡೂ ಕಡೆ ಅಕ್ಕತಂಗಿಯರು. ಕಿರ್ರ್ ಅಂತ ಶುರುವಾದಾಗ ಇಡೀ ಹಾಲ್ ಒಟ್ಟಿಗೆ ನಕ್ಕಿತು, ಆಮೇಲೆ ಒಟ್ಟಿಗೆ ಮೂಗು ಒರೆಸಿತು. ಅವರಕ್ಕ ಅವರ ಬೆನ್ನಿಗೆ ರಪ್ಪಂತ ಒಂದು ಗುದ್ದಿದರು. ಪ್ರೀತಿಯಿಂದ.

ನಾನು ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ಸಂಕಲನ ಅಂತ ನನ್ನ ಹೆಸರು ಬರೋ ಹೊತ್ತಿಗೆ ಜನ ಎದ್ದಾಗಿತ್ತು. ಒಬ್ಬರು ನನ್ನ ಕೈ ಕುಲುಕಿದರು. "ನೀವು ಅವರ ಯಜಮಾನರಂತೆ? ಪುಣ್ಯವಂತರು."

ಮನೆಗೆ ಬರೋವಾಗ ಕಾರಲ್ಲಿ ಹೇಳಿದೆ, "ನಂಗೆ ಹೊಟ್ಟೆಕಿಚ್ಚು." ಜೋರಾಗಿ, ಬಾಯಿಬಿಟ್ಟು, ಮೊದಲ ಸಲ.

"ಗೊತ್ತು" ಅಂದಳು. ಗೇರ್ ಬದಲಿಸಿದಳು. "ಇನ್ನೂ ಇದೆಯಾ?"

"ಇದೆ."

"ಇರಲಿ. ಹೇಳ್ತಾ ಇರಿ."

ಆಗಸ್ಟ್ 18, ಭಾನುವಾರ, ಮಧ್ಯಾಹ್ನ

ಇವಳು ಎಡಿಟಿಂಗ್ ಕಲೀತಿದ್ದಾಳೆ. ಬೆಳಿಗ್ಗೆಯಿಂದ ಕಂಪ್ಯೂಟರನ್ನ ಬೈತಿದ್ದಾಳೆ. ಅರ್ಧ ಗಂಟೆಯ ಕೆಲಸ ಎಲ್ಲೋ ಅಳಿಸಿಹೋಯ್ತು. ಮೇಜಿಗೆ ಹಣೆ ಚಚ್ಚಿಕೊಂಡಳು. ಎದ್ದಳು. ಕೂತಳು. "ಇದ್ಯಾವ ದರಿದ್ರ ಕೆಲಸಾರೀ, ಹೇಗ್ರೀ ಇಷ್ಟು ವರ್ಷ ಮಾಡಿದ್ರಿ?" ಅಂದಳು.

ಅದು ಕೇಳಿ ಎಷ್ಟು ಖುಷಿಯಾಯ್ತು ಅಂದರೆ... ಎದ್ದು ಕ್ಯಾಮೆರಾ ತಂದೆ. ಸ್ಕ್ರಿಪ್ಟ್ ಇಲ್ಲ, ಏನಿಲ್ಲ. ಸುಮ್ಮನೆ ಹಿಡಿದೆ. ಹತ್ತಿರ ಹೋದೆ. ಅವಳು ತುಟಿ ಕಚ್ಚಿ, ಹುಬ್ಬು ಗಂಟಿಕ್ಕಿ, ಕಳೆದದ್ದನ್ನ ಮತ್ತೆ ಜೋಡಿಸ್ತಾ ಇದ್ದಳು. ಜೋಡಿಸಿ, ಪ್ಲೇ ಒತ್ತಿ, ಉಸಿರು ಬಿಗಿಹಿಡಿದಳು. ಸರಿ ಬಂತು! ಆ ಮುಖ!

"ಶೂಟ್ ಮಾಡ್ತಿದ್ದೀರಾ?"

"ಇಲ್ಲ."

"ಕೆಂಪು ಲೈಟ್ ಉರೀತಿದೆ. ಬೆಳಕು ಆ ಕಡೆಯಿಂದ ಬರ್ತಿದೆ, ಕುರ್ಚಿ ತಿರುಗಿಸ್ಲಾ?"

"ಸುಮ್ನಿರು. ಇದು ನನ್ನ ಶಾಟ್."

ಈಗ ರೂಮಿನ ಬಾಗಿಲು ಹಾಕ್ಕೊಂಡು ನೋಡಿದೆ. ಮೂರು ಸಲ. ಚೆನ್ನಾಗಿದೆ. ಚೆನ್ನಾಗಿದೆ ಅಲ್ಲ — ಅದಕ್ಕಿಂತ... ಎಲ್ಲಿ ಕಟ್ ಮಾಡಬೇಕು ಅನ್ನೋದು ಮಾತ್ರ ಹೊಳೀತಿಲ್ಲ. ಬಾಗಿಲು ತಟ್ಟಿದಳು. "ರೀ, ತೋರಿಸಿ." ತೋರಿಸಲ್ಲ ಅಂದೆ. ತೋರಿಸಿದರೆ ಇಲ್ಲಿ ಕಟ್ ಮಾಡಿ ಅಂತ ಥಟ್ಟನೆ ಬೆರಳಿಟ್ಟು ಹೇಳ್ತಾಳೆ. ಅವಳು ಹೇಳಿದ್ದೇ ಸರಿ ಇರುತ್ತೆ. ಅದನ್ನ ನಾನು ಸಹಿಸ—

ಮತ್ತೆ ತಟ್ಟಿದಳು. ಚಿಲಕ ತೆಗೀಬೇಕು. ತೆಗೆದು ತೋರಿಸಬೇಕು. ಉರೀತಿದೆ ಅಂತಲೂ ಹೇಳಬೇಕು.