ನಿಮ್ಮ ಜಿರಾಫೆ ತನ್ನ ಮಾತನ್ನು ಹಿಂದಕ್ಕೆ ಪಡೆಯಲಿ

ನಗರದ ಹೊರವಲಯದ ಒಂದು ಮನರಂಜನಾ ಉದ್ಯಾನದ ಪ್ರಧಾನ ವ್ಯವಸ್ಥಾಪಕರಿಗೆ

ಮಾನ್ಯರೇ,

ನಿಮ್ಮ ಉದ್ಯಾನದಲ್ಲಿ ನನ್ನ ಮಗ ಬೆಳಿಗ್ಗೆ ಎತ್ತರವಾಗಿದ್ದ, ಮಧ್ಯಾಹ್ನದ ಹೊತ್ತಿಗೆ ಗಿಡ್ಡನಾದ. ಟಿಕೆಟ್ ಮಾರುವಾಗ ನಿಮ್ಮವರು ಅವನನ್ನು ಅಳೆದ ರೀತಿ ಒಂದು, ಆಟಕ್ಕೆ ಹತ್ತಿಸುವಾಗ ಅಳೆದ ರೀತಿ ಇನ್ನೊಂದು. ನನ್ನ ದೂರು ಇಷ್ಟೇ. ಓದಿ ನಗು ಬಂದರೆ ಧಾರಾಳವಾಗಿ ನಗಿ, ನಗಿಸುವುದೇ ನಿಮ್ಮ ವ್ಯಾಪಾರವಲ್ಲವೇ? ಆದರೆ ದಯವಿಟ್ಟು ಕೊನೆಯ ಸಾಲಿನವರೆಗೆ ಓದಿ. ಏಕೆಂದರೆ ಆ ದಿನದಿಂದ ನಮ್ಮ ಮನೆಯಲ್ಲಿ ಶುರುವಾಗಿರುವ ರಂಪವನ್ನು ನಿಲ್ಲಿಸುವುದು ಈಗ ದೇವರ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲಿದೆ.

ನೇರವಾಗಿ ನಮಗೇ ಬರೆಯಬಹುದಿತ್ತು, ಪತ್ರಿಕೆಗೇಕೆ ಎನ್ನುತ್ತೀರಿ. ಬರೆದೆ. 'ನಿಮ್ಮ ಅನಿಸಿಕೆ ನಮಗೆ ಅಮೂಲ್ಯ' ಎಂಬ ಉತ್ತರ ಬಂತು, ಅದರ ಕೆಳಗೇ ಮುಂದಿನ ಭೇಟಿಯ ರಿಯಾಯಿತಿಯ ಜಾಹೀರಾತು. ಹೊರಬಾಗಿಲಿನಲ್ಲಿ ನೀವು ನಗುಮುಖದ್ದೊಂದು, ಅಳುಮುಖದ್ದೊಂದು ಡಬ್ಬಿ ಇಟ್ಟಿದ್ದೀರಲ್ಲ, ಅಳುಮುಖದ ಡಬ್ಬಿಗೂ ಒಂದು ಚೀಟಿ ಹಾಕಿದೆ. ಅದಕ್ಕೆ ತಳವೇ ಇಲ್ಲವೋ ಏನೋ, ಇಲ್ಲಿಯವರೆಗೆ ಸದ್ದಿಲ್ಲ.

ನಾವಿರುವುದು ಮಾದನಾಯಕನಹಳ್ಳಿಯ ಬಾಡಿಗೆ ಮನೆಯಲ್ಲಿ. ನನ್ನ ಗಂಡ ವಿನಾಯಕ ಪೀಣ್ಯದ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳ ಅಳತೆ ಪರೀಕ್ಷಿಸುತ್ತಾರೆ. ನಾನು ಬಿ.ಕಾಂ. ಓದಿದವಳು, ಮಗ ಹುಟ್ಟುವ ತನಕ ಲೆಕ್ಕ ಬರೆಯುವ ಕೆಲಸದಲ್ಲಿದ್ದೆ. ಈ ಬೇಸಿಗೆಗೆ ಬಾಗಲಕೋಟೆ ಕಡೆಯ ನಮ್ಮೂರಿನಿಂದ ಅತ್ತೆ, ಮಾವ, ಭಾವ, ನೆಗೆಣ್ಣಿ, ಅವರ ಮೂರು ಮಕ್ಕಳು ಮತ್ತು ನಾದಿನಿ ಬರುವವರಿದ್ದರು. ನಾವು ಮೂವರು ಸೇರಿ ಹನ್ನೊಂದು ಜನ. ಅಷ್ಟೂ ಜನರನ್ನು ಒಂದು ಸಂಬಳದಲ್ಲಿ ನಿಮ್ಮಲ್ಲಿಗೆ ಕರೆತರುವ ಯೋಜನೆಯನ್ನು ನಾನು ಯುಗಾದಿಯಿಂದಲೇ ಹಾಕತೊಡಗಿದೆ. ಮಲಗಿದರೆ ನಿದ್ದೆಯ ಬದಲು ನಿಮ್ಮ ದರಪಟ್ಟಿ ಬರುತ್ತಿತ್ತು. ರಿಯಾಯಿತಿ ಇದೆ, ಆದರೆ ವಾರದ ದಿನಗಳಲ್ಲಿ. ವಾರದ ದಿನಗಳಲ್ಲಿ ಇದೆ, ಆದರೆ ಶಾಲೆಯ ರಜೆ ಇರುವಾಗ ಇಲ್ಲ. ಅಂದರೆ ದುಡಿಯುವವರೂ ಓದುವವರೂ ಬರಲಾಗದ ದಿನ ಯಾರು ಬೇಕಾದರೂ ಅಗ್ಗದಲ್ಲಿ ಬರಬಹುದು! ಇಂಥ ಉದಾರತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ನಿಮ್ಮ 'ಫ್ಯಾಮಿಲಿ ಪ್ಯಾಕ್'. ಊರಿನವರೆಲ್ಲ ಬಂದಿಳಿದ ಮೇಲೆ ಅದರ ಲೆಕ್ಕಕ್ಕೆ ಕೂತೆ. ಫ್ಯಾಮಿಲಿ ಎಂದರೆ ಗಂಡ, ಹೆಂಡತಿ, ಎರಡು ಮಕ್ಕಳು. ಈ ಅಚ್ಚಿಗೆ ಹಾಕಿದರೆ ನಮ್ಮದು ಎರಡು ಮುಕ್ಕಾಲು ಫ್ಯಾಮಿಲಿ. ನಮ್ಮ ಒಬ್ಬ ಮಗನಿಗೆ ಜೊತೆಯಾಗಲೆಂದು ಭಾವನವರ ಕಿರಿಮಗಳನ್ನು ನಮ್ಮ ಲೆಕ್ಕಕ್ಕೆ ಬರೆದುಕೊಂಡೆ, ತನ್ನನ್ನು ಕಾಕಾನಿಗೆ ಕೊಟ್ಟುಬಿಟ್ಟರೆಂದು ಆ ಹುಡುಗಿ ಅತ್ತಳು. ಅತ್ತೆ ಮಾವನಿಗೆ ನಾದಿನಿಯನ್ನು ಮಗಳೆಂದು ಸೇರಿಸಿದೆ. ನಿಜಕ್ಕೂ ಮಗಳೇ. ಆದರೆ ಮದುವೆಯಾದವಳನ್ನು ಮಗುವೆಂದು ಒಪ್ಪಲು ನಿಮ್ಮ ದೂರವಾಣಿಯ ಹುಡುಗಿ ತಯಾರಿರಲಿಲ್ಲ. ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ನಮ್ಮತ್ತೆ ಚನ್ನಬಸಮ್ಮನವರು ಎಲ್ಲ ಕೇಳಿಸಿಕೊಂಡು, "ಹಂಗಾರ ನಾವಿಬ್ರು ಮುದುಕ್ರು ಫ್ಯಾಮಿಲಿ ಅಲ್ಲೇನು? ಇವ್ರ್ನೆಲ್ಲಾ ಹಡದಾಕಿ ನಾನ ಅದೀನಿ. ನನ್ನ ಬಿಟ್ಟು ಇವ್ರೆಲ್ಲಾ ಎಲ್ಲಿಂದ ಉದುರಿದ್ರು, ಕೇಳವಾ ಆ ಹುಡುಗಿಗೆ" ಎಂದರು. ಕೇಳಿದೆ. ಆ ಹುಡುಗಿ ನನ್ನನ್ನು ಹೋಲ್ಡ್‌ನಲ್ಲಿಟ್ಟು ಸಂಗೀತ ಕೇಳಿಸಿದಳು.

ಅಂತೂ ಒಂದು ದಿನ ಟೆಂಪೊ ಮಾಡಿಕೊಂಡು ಹೊರಟೆವು. ನಮ್ಮ ಕಡೆಯವರು ಬುತ್ತಿ ಕಟ್ಟಿಕೊಳ್ಳದೆ ಹೊಸ್ತಿಲು ದಾಟುವವರಲ್ಲ. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ನಿಮ್ಮ ಹೊರಗೇಟಿನ ಕಾವಲುಗಾರ ಗಂಟನ್ನು ಮೂಸಿಯೇ ಕಂಡುಹಿಡಿದ.

"ಹೊರಗಿನ ಊಟ ಬಿಡಲ್ಲ ಅಜ್ಜಿ. ಚಿಕ್ಕ ಮಕ್ಕಳ ಊಟ ಮಾತ್ರ."

"ಇದು ಸಣ್ಣ ಹುಡುಗರದ ಐತೋ ತಮ್ಮಾ."

"ಇಷ್ಟ್ ರೊಟ್ಟಿನಾ? ಯಾವ್ ಮಗು ತಿನ್ನುತ್ತೆ ಇದನ್ನ?"

ಅತ್ತೆ ನನ್ನ ಮಗ ರೇವಣಸಿದ್ದನನ್ನು ಮುಂದಕ್ಕೆ ತಳ್ಳಿದರು. ಕಾವಲುಗಾರ ಅವನನ್ನು ಮೇಲಿನಿಂದ ಕೆಳಕ್ಕೆ ನೋಡಿದ. ಹಾಗೆ ನೋಡಲು ಹೆಚ್ಚು ಹೊತ್ತೇನೂ ಬೇಕಾಗುವುದಿಲ್ಲ. "ಈ ಪಾಪುನಾ?" ಎಂದು ಕೇಳಿದ. ಸಾಲಿನಲ್ಲಿದ್ದವರೆಲ್ಲ ನಕ್ಕರು, ನಮ್ಮವರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಬುತ್ತಿಯನ್ನು ಎಸೆಯುವುದುಂಟೇ? ಹನ್ನೊಂದು ಜನ ಟೆಂಪೊ ಪಕ್ಕ ನಿಂತು, ಬೆಳ್ಳಂಬೆಳಿಗ್ಗೆ ಇಡೀ ದಿನದ ಊಟವನ್ನು ಮುಗಿಸಿಯೇ ಒಳಗೆ ನಡೆದೆವು. ಆಮೇಲೆ ನಿಮ್ಮ ಗಿರಗಿರ ತಿರುಗುವ ತೊಟ್ಟಿಲಿನಲ್ಲಿ ನಮ್ಮ ಭಾವನವರಿಗೆ ಏನಾಯಿತೆಂಬುದನ್ನು ತೊಟ್ಟಿಲು ತೊಳೆದವರು ನಿಮಗೆ ವರದಿ ಮಾಡಿರುತ್ತಾರೆ.

ನನಗೇಕೆ ನಗು ಬರಲಿಲ್ಲ ಎಂಬುದನ್ನು ಈಗ ಹೇಳಬೇಕು. ರೇವಣಸಿದ್ದನಿಗೆ ನಾಲ್ಕು ತುಂಬಿ ಐದು ನಡೆಯುತ್ತಿದೆ, ನೋಡಿದವರು ಎರಡೂವರೆ ಎನ್ನುತ್ತಾರೆ. ಮಕ್ಕಳ ವೈದ್ಯರ ಗೋಡೆಯ ಮೇಲೆ ಮಕ್ಕಳು ಬೆಳೆಯಬೇಕಾದ ದಾರಿಯನ್ನು ಗೆರೆ ಎಳೆದು ತೋರಿಸಿದ್ದಾರೆ. ನನ್ನ ಮಗನ ಚುಕ್ಕೆ ಆ ಗೆರೆಗಳೆಲ್ಲದರ ಕೆಳಗೆ, ಬಸ್ಸು ತಪ್ಪಿದವನ ಹಾಗೆ ಒಂದು ಕಡೆ ನಿಂತಿರುತ್ತದೆ. "ರೋಗ ಏನಿಲ್ಲಮ್ಮ, ಕಾದು ನೋಡೋಣ" ಎನ್ನುತ್ತಾರೆ ವೈದ್ಯರು. ಕಾಯುವುದು ಅವರಿಗೆ ಸುಲಭ. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಅವನೇ ಮೊದಲು, ಮನೆಯ ಕೆಳಗಿನ ಅಂಗಡಿಯಲ್ಲಿ ಅವನ ಹೆಸರೇ 'ಪುಟಾಣಿ'. ಎಲ್ಲರೂ ಮುದ್ದಿನಿಂದಲೇ ಕರೆಯುತ್ತಾರೆ. ಅಷ್ಟು ಮುದ್ದನ್ನು ಹೊತ್ತುಕೊಂಡು ಮಲಗಿದರೆ ನಿದ್ದೆ ಬರುವುದಿಲ್ಲ, ಮಾನ್ಯರೇ.

ಅವನ ತಲೆಯ ಮೇಲೊಂದು ದೊಡ್ಡ ಜುಟ್ಟಿದೆ. ಹುಟ್ಟುಗೂದಲು ತೆಗೆಸುವ ಜವಳದ ಶಾಸ್ತ್ರ ನಮ್ಮಲ್ಲಿ ಬೆಸ ವರ್ಷಗಳಲ್ಲೇ ಆಗಬೇಕು. ಮೂರರಲ್ಲಿ ಆಗಬೇಕಿದ್ದದ್ದು ಮನೆಯ ಹಿರಿಯರೊಬ್ಬರು ತೀರಿಕೊಂಡದ್ದರಿಂದ ನಿಂತು ಐದಕ್ಕೆ ಬಂತು. ಅಲ್ಲಿಯವರೆಗೆ ಕತ್ತರಿ ಸೋಕಿಸುವಂತಿಲ್ಲ, ಆ ಕೂದಲು ಮನೆದೇವರಿಗೆ ಮೀಸಲು. ಸೆಕೆಗೆಂದು ಅದನ್ನೆಲ್ಲ ಎತ್ತಿ ನೆತ್ತಿಯ ಮೇಲೆ ಗಂಟು ಹಾಕುತ್ತೇನೆ. ಅಂದೂ ಹಾಕಿದ್ದೆ.

ನಿಮ್ಮ ಟಿಕೆಟ್ ಕಿಟಕಿಯ ಪಕ್ಕ ಗೋಡೆಯ ಮೇಲೆ ಒಂದು ಜಿರಾಫೆ ಇದೆ. ಅದರ ಕೊರಳ ಮೇಲಿನ ಕೆಂಪು ಗೆರೆಯ ಕೆಳಗಿದ್ದರೆ ಮಗುವಿಗೆ ಟಿಕೆಟ್ ಇಲ್ಲ, ಮುಟ್ಟಿದರೆ ಇದೆ. ರೇವಣಸಿದ್ದನಿಗೆ ಟಿಕೆಟ್ ಬೇಕಾಗುವ ಯೋಚನೆಯೇ ನನ್ನ ಲೆಕ್ಕದಲ್ಲಿ ಇರಲಿಲ್ಲ. ಆದರೆ ಜುಟ್ಟು ಗೆರೆಯನ್ನು ಮುಟ್ಟಿತು.

"ಈ ಮಗು ಹೈಟ್ ಆಗಿದೆ ಮೇಡಂ, ಟಿಕೆಟ್ ತಗೊಳ್ಬೇಕು" ಎಂದರು ನಿಮ್ಮ ಸಿಬ್ಬಂದಿ.

ನಮ್ಮವರು ಮುಗಿಬಿದ್ದರು. "ಶೈಲಾ, ಜುಟ್ಟ ಬಿಚ್ಚ ಲಗೂನ" ಎಂದು ನೆಗೆಣ್ಣಿ ಶಿವಗಂಗಾ ಕೈಯನ್ನೇ ಹಾಕಿದಳು. ಅತ್ತೆ ಕಿಟಕಿಗೆ ತಲೆ ತೂರಿಸಿ, "ಅದು ದೇವ್ರಿಗೆ ಬಿಟ್ಟ ಕೂದಲೈತಿ. ದೇವ್ರಿಗೂ ಟಿಕೀಟ ತಗಸ್ತೀಯೇನಪಾ?" ಎಂದು ಕೇಳಿದರು. ಒಳಗಿದ್ದವರು ಜಗ್ಗಲಿಲ್ಲ. "ಗೆರೆ ಮುಟ್ಟಿದೆ ಅಜ್ಜಿ. ರೂಲ್ಸು."

ಒಂದೊಂದು ರೂಪಾಯಿಗೂ ಯುಗಾದಿಯಿಂದ ನಿದ್ದೆಗೆಟ್ಟವಳು ನಾನು. ಜುಟ್ಟು ಬಿಚ್ಚುವುದು ಒಂದು ಕ್ಷಣದ ಕೆಲಸ. ಆದರೆ ನನ್ನ ಮಗ ಹುಟ್ಟಿದ ಮೇಲೆ ಅವನನ್ನು 'ಹೈಟ್ ಆಗಿದೆ' ಎಂದ ಮೊದಲ ಮನುಷ್ಯ ಆ ಕಿಟಕಿಯ ಹಿಂದೆ ಕುಳಿತಿದ್ದರು. "ಇರ್ಲಿ ಬಿಡ್ರಿ, ಟಿಕೆಟ್ ಕೊಡ್ರಿ" ಎಂದೆ. ಎಲ್ಲರೂ ನನ್ನ ಮುಖ ನೋಡಿದರು. ರೇವಣಸಿದ್ದ ಜಿರಾಫೆಯ ಕಡೆ ತಿರುಗಿ, "ಕೇಳಿದ್ಯಾ ಮಮ್ಮಿ? ಜಿರಾಫಿ ನನ್ನ ದೊಡ್ಡಾಂವ ಅಂತು" ಎಂದ. ಆ ಟಿಕೆಟ್ಟನ್ನು ಕೊಂಡಷ್ಟು ಸಂತೋಷದಿಂದ ನಾನು ಬದುಕಿನಲ್ಲಿ ಏನನ್ನೂ ಕೊಂಡಿಲ್ಲ.

ಮುಂದಿನದನ್ನು ನೀವು ಊಹಿಸಿರುತ್ತೀರಿ. ಅವನು ಮನೆಯಿಂದ ಹೊರಟಾಗಿನಿಂದ ಜಪಿಸುತ್ತಿದ್ದುದು ಬೆಟ್ಟದ ಸುರಂಗದೊಳಗೆ ನುಗ್ಗುವ ಆ ಪುಟ್ಟ ರೈಲನ್ನು. ಬಿಸಿಲಿನ ಉದ್ದನೆಯ ಸಾಲಿನಲ್ಲಿ ನಿಂತ ಮೇಲೆ ಕೊನೆಗೆ ನಮ್ಮ ಸರದಿ ಬಂತು. ಅಲ್ಲೂ ಒಂದು ಜಿರಾಫೆ, ಅದರ ಕೊರಳಲ್ಲೂ ಅದೇ ಕೆಂಪು ಗೆರೆ. ಗೆರೆ ಮುಟ್ಟಿದ ಮಕ್ಕಳನ್ನು ಮಾತ್ರ ಹತ್ತಿಸುತ್ತಾರೆ. ನನ್ನ ಮಗ ಹಳೆಯ ಪರಿಚಯದವನ ಹಾಗೆ ಹೋಗಿ ಎದೆ ಸೆಟೆಸಿ ನಿಂತ. ರೈಲಿನವರು ಅವನ ಜುಟ್ಟಿನ ಮೇಲೆ ಅಂಗೈಯಿಟ್ಟು ಮೆಲ್ಲಗೆ ಒತ್ತಿದರು. ಕೈ ಗೆರೆಯಿಂದ ಕೆಳಕ್ಕೆ, ಬಹಳ ಕೆಳಕ್ಕೆ ಇಳಿಯಿತು.

"ಆಗಲ್ಲ ಮೇಡಂ. ಕೂದ್ಲು ಲೆಕ್ಕಕ್ಕಿಲ್ಲ."

"ಗೇಟಲ್ಲಿ ಲೆಕ್ಕಕ್ಕಿತ್ತಲ್ರೀ?"

"ಅದು ಟಿಕೆಟ್ಟು ಮೇಡಂ. ಇದು ಸೇಫ್ಟಿ."

ಮಾನ್ಯರೇ, ಆ ರೈಲಿನವರ ಮೇಲೆ ನನ್ನ ದೂರಿಲ್ಲ. ಅವರು ಹತ್ತಿಸಿದ್ದರೂ ಆ ಸೀಟಿನ ಪಟ್ಟಿಯನ್ನು ಕಂಡು ನಾನೇ ಇಳಿಸುತ್ತಿದ್ದೆನೇನೋ. ಜಗತ್ತಿನ ಎಲ್ಲ ಅಪಾಯಗಳನ್ನೂ ಮುಂಚಿತವಾಗಿ ಕಲ್ಪಿಸಿಕೊಂಡು ಹೆದರುವ ತಾಯಿ ನಾನು. ಜುಟ್ಟನ್ನು ಪಟ್ಟಿಯಿಂದ ಬಿಗಿಯಲಾಗದು ಎಂಬುದು ನನಗೂ ತಿಳಿಯುತ್ತದೆ. ನನಗೆ ತಿಳಿಯದಿರುವುದು ಇದು: ಸುರಕ್ಷತೆಯ ಪ್ರಶ್ನೆ ಬಂದಾಗ ಇಷ್ಟು ಸರಿಯಾಗಿ ಅಳೆಯಬಲ್ಲ ಸಂಸ್ಥೆಗೆ, ದುಡ್ಡಿನ ಪ್ರಶ್ನೆ ಬಂದಾಗ ಕೈ ಏಕೆ ಅಷ್ಟು ಹಗುರವಾಗುತ್ತದೆ? ಜುಟ್ಟು ಎತ್ತರವೇ ಆದರೆ ರೈಲಿಗೆ ಹತ್ತಿಸಿ, ಅಲ್ಲವಾದರೆ ಟಿಕೆಟ್ ಏಕೆ? ಮನೆಗೆ ಬರುವಾಗ ನನ್ನ ಗಂಡ, "ನಮ್ಮಲ್ಲಿ ಅಳತಿ ನೋಡೋ ಎರಡು ಗೇಜು ಎರಡು ಥರಾ ತೋರ್ಸಿದ್ರ ಲೈನ್ ನಿಲ್ಲಿಸಿ ಬೀಗ ಹಾಕ್ತಾರ. ಇಲ್ಲಿ ನೋಡು, ಎರಡಕ್ಕೂ ಬಣ್ಣ ಹೊಡದು ಜಿರಾಫಿ ಮಾಡ್ಯಾರ" ಎಂದರು. ಅದು ನನ್ನನ್ನು ನಗಿಸಲು ಹೇಳಿದ ಮಾತು. ಮಗ ನಗಲಿಲ್ಲ. ಸಾಲಿನಿಂದ ಹೊರಗೆ ಬಂದಾಗ ಅವನು ಅತ್ತಿರಲೂ ಇಲ್ಲ. "ಮಮ್ಮಿ, ನಾ ಮತ್ತ ಸಣ್ಣಾಂವ ಆದ್ನ್ಯಾ?" ಎಂದಷ್ಟೇ ಕೇಳಿದ್ದ. ನಾನೊಂದು ಐಸ್‌ಕ್ರೀಂ ಕೊಡಿಸಿದೆ. ಅದೂ ನನ್ನ ಯೋಜನೆಯಲ್ಲಿ ಇರಲಿಲ್ಲ.

ಇಷ್ಟೇ ಆಗಿದ್ದರೆ ನಿಮ್ಮ ಅಮೂಲ್ಯ ಸಮಯವನ್ನು ಕೇಳುತ್ತಿರಲಿಲ್ಲ. ಬರುವ ಶ್ರಾವಣದಲ್ಲಿ ಅವನ ಜವಳ. ದಿನ ಗೊತ್ತಾಗಿದೆ, ಬಂಧುಗಳಿಗೆ ಹೇಳಿಯಾಗಿದೆ. ಸೋದರಮಾವನ ತೊಡೆಯ ಮೇಲೆ ಕೂರಿಸಿ ಮೊದಲ ಕೂದಲು ತೆಗೆಯಬೇಕು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ನನ್ನ ತಮ್ಮ ಚನಬಸಪ್ಪ ಅದಕ್ಕೆಂದೇ ಕಾಡಿಬೇಡಿ ರಜೆ ಪಡೆದಿದ್ದಾನೆ. ಆದರೆ ನಿಮ್ಮಲ್ಲಿಗೆ ಬಂದುಹೋದ ದಿನದಿಂದ ನನ್ನ ಮಗ ತನ್ನ ಜುಟ್ಟನ್ನು ಮುಟ್ಟಲು ಬಿಡುತ್ತಿಲ್ಲ. ಎಣ್ಣೆ ಬೇಡ, ಬಾಚಣಿಗೆ ಬೇಡ, ಮಲಗುವಾಗಲೂ ಒಂದು ಕೈ ನೆತ್ತಿಯ ಮೇಲೆ. ಅವನ ಮಾವ ಫೋನಿನಲ್ಲಿ, "ಏನೋ ಅಳಿಯಾ, ನನ್ನ ತೊಡಿ ಮ್ಯಾಲ ಕುಂದ್ರತಿ ಇಲ್ಲೋ?" ಎಂದರೆ, "ಕುಂದ್ರತೀನಿ, ಕೂದಲಕ್ಕ ಕೈ ಹಚ್ಚಬ್ಯಾಡ. ಅದನ್ನ ತಗದ್ರ ನಾ ಸಣ್ಣಾಂವ ಆಗ್ತೀನಿ" ಎನ್ನುತ್ತಾನೆ.

"ಜವಳದಾಗ ಎಲ್ಲಾ ಕೂಸೂ ಅಳತಾವ ಬಿಡವಾ" ಎನ್ನುತ್ತಾರೆ ನಮ್ಮತ್ತೆ. ಅಳುತ್ತವೆ, ಬಲ್ಲೆ. ಬೇರೆ ಮಕ್ಕಳು ಕತ್ತಿಗೆ ಹೆದರಿ ಅಳುತ್ತವೆ. ನನ್ನ ಮಗ, ಎಲ್ಲರೂ ಸೇರಿ ತನ್ನ ಎತ್ತರವನ್ನು ಕತ್ತರಿಸುತ್ತಿದ್ದಾರೆಂದು ಅಳುತ್ತಾನೆ. ಕತ್ತರಿಸಿದ ಮೇಲೆ ಕನ್ನಡಿಯಲ್ಲಿ ನೋಡಿಕೊಂಡು, ಹೌದು, ಸಣ್ಣವನಾದೆ ಎಂದು ನಂಬಿಬಿಡುತ್ತಾನೆ. ಕೂದಲು ಎತ್ತರವಲ್ಲ ಕಂದಾ ಎಂದು ನಾನು ಹೇಳಿದೆ, ಅವನಪ್ಪ ಟೇಪು ಹಿಡಿದು ತೋರಿಸಿದರು. ಅವನದು ಒಂದೇ ಉತ್ತರ: "ಜಿರಾಫಿ ಹಂಗಂದಿಲ್ಲ." ಹೌದಲ್ಲ! ದುಡ್ಡು ಕೊಟ್ಟು ಆ ಮಾತಿಗೆ ಸಾಕ್ಷಿ ಹಾಕಿದವಳು ನಾನೇ.

ಆದ್ದರಿಂದ ನನಗೆ ಹಣ ವಾಪಸ್ ಬೇಡ, ಉಚಿತ ಪಾಸೂ ಬೇಡ. ಶ್ರಾವಣಕ್ಕೆ ಮುಂಚೆ ಗೇಟಿನ ಆ ಜಿರಾಫೆಯ ಕೆಳಗೆ, ಅದೇ ಕೆಂಪು ಬಣ್ಣದಲ್ಲಿ, ಎಲ್ಲರಿಗೂ ಕಾಣುವಂತೆ 'ಕೂದಲು ಲೆಕ್ಕಕ್ಕಿಲ್ಲ' ಎಂದು ಬರೆಸಿ. ಟಿಕೆಟ್ ಕೊಡುವವರೂ ರೈಲಿನವರ ಹಾಗೆ ಅಂಗೈಯಿಟ್ಟು ಅಳೆಯಲಿ. ನನ್ನ ಮಗನಿಗೆ ಈಗಷ್ಟೇ ಅಕ್ಷರ ಕೂಡಿಸಿ ಓದಲು ಬರುತ್ತಿದೆ. ಬರೆಸಿದ ದಿನ ತಿಳಿಸಿದರೆ ಕರೆದುಕೊಂಡು ಬರುತ್ತೇನೆ, ಒಳಗೆ ಬರುವುದಿಲ್ಲ, ಗೋಡೆಯ ಮುಂದೆ ನಿಲ್ಲಿಸುತ್ತೇನೆ. ತನ್ನನ್ನು ದೊಡ್ಡವನೆಂದ ಪ್ರಾಣಿಯ ಬಾಯಿಂದಲೇ ಅವನು ಅದನ್ನು ಓದಿಕೊಳ್ಳಲಿ. ಆಮೇಲೆ ಅವನನ್ನು ಸಮಾಧಾನ ಮಾಡುವುದು ನನ್ನ ಕೆಲಸ, ಅದನ್ನು ನಿಮ್ಮ ಮೇಲೆ ಹೊರಿಸುವುದಿಲ್ಲ.

ಮುಂದೊಂದು ಬೇಸಿಗೆ ಅವನ ಜುಟ್ಟಿಲ್ಲದ ನೆತ್ತಿ ಆ ಗೆರೆಯನ್ನು ಮುಟ್ಟಿದರೆ, ಟಿಕೆಟ್ಟಿನ ಪೂರ್ತಿ ಹಣವನ್ನು, ಯಾವ ರಿಯಾಯಿತಿಯನ್ನೂ ಕೇಳದೆ, ನಿಮ್ಮ ಕಿಟಕಿಗೆ ನಾನೇ ತಂದು ಕೊಡುತ್ತೇನೆ.

ಇಂತಿ, ಅಂಗೈ ಒತ್ತಿ ಅಳೆದ ಎತ್ತರವನ್ನೇ ಇನ್ನು ಮೇಲೆ ಒಪ್ಪಿಕೊಳ್ಳಲಿರುವ,
ಎರಡು ಮುಕ್ಕಾಲು ಫ್ಯಾಮಿಲಿಯ ಕಿರಿಸೊಸೆ
ಶೈಲಶ್ರೀ ವಿನಾಯಕ
ಮಾದನಾಯಕನಹಳ್ಳಿ